ಹಗ್ಗ ಹಿಡಿದವಳು

ಕುದುರೆ ಇರುವ ಮನೆಗೆ ನನ್ನನ್ನು ಕೊಟ್ಟಾಗ ಶಿರವಾಳದ ನಮ್ಮ ಓಣಿಯ ಹೆಂಗಸರಿಗೆ ಅದೇ ಮಾತಾಯಿತು. ನಮ್ಮದು ಎತ್ತು ಕಟ್ಟುವ ಮನೆ. ಕುದುರೆಯನ್ನು ನಾನು ಹತ್ತಿರದಿಂದ ನೋಡಿದ್ದು ಶಾಲೆಯ ಪುಸ್ತಕದಲ್ಲಿ. ರಾಣಿಯೊಬ್ಬಳು ಅದರ ಮೇಲೆ ಕೂತು ಕತ್ತಿ ಎತ್ತಿದ್ದಳು. ನನಗೆ ಕತ್ತಿಯ ಆಸೆ ಇರಲಿಲ್ಲ. ಮೇಲೆ ಕೂತು ಒಂದು ಸಲ ಶಹಾಪುರದ ಸಂತೆಗೆ ಹೋಗಿ ಬಂದರೆ ಸಾಕು, ಓಣಿಯವರ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದೆ.

ಗಂಡನ ಮನೆಗೆ ಹೋದ ಮರುದಿನವೇ ಆ ಆಸೆ ಇಳಿಯಿತು. ಹಟ್ಟಿಯ ಮುಂದಿನ ಬೇವಿನ ಗಿಡಕ್ಕೆ ಕಟ್ಟಿದ್ದು ನನ್ನ ಭುಜದೆತ್ತರದ ಒಂದು ಗಿಡ್ಡ ಹೆಣ್ಣು ಕುದುರೆ, ತಟ್ಟು. ಬಣ್ಣ ನಮ್ಮ ಹೊಲದ ಮಣ್ಣಿನದೇ. ಹೊಟ್ಟೆ ಗಡಿಗೆಯಂತೆ ಕೆಳಗೆ ಇಳಿದಿತ್ತು, ಒಂದು ಕಿವಿಯ ತುದಿ ಹರಿದಿತ್ತು. ಅದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಸ ಸೀರೆಯ ಸೆರಗು ಎಳೆದುಕೊಂಡು ಜಗಿಯತೊಡಗಿತು. ಹೆಸರೇನು ಎಂದು ಗಂಡನನ್ನು ಕೇಳಿದರೆ ಆತ ನಕ್ಕುಬಿಟ್ಟ. ಮನೆಯಲ್ಲಿ ಇರುವುದೇ ಒಂದು, ಅದಕ್ಕೆ ಹೆಸರು ಯಾಕೆ ಎಂಬುದು ಅತ್ತೆಯ ವಾದವಂತೆ. ಹಾಗೆ ನೋಡಿದರೆ ಸೊಸೆಯೂ ಒಬ್ಬಳೇ ಇದ್ದುದರಿಂದ ನನಗೂ ಆ ಮನೆಯಲ್ಲಿ ಹೆಸರು ಉಳಿಯಲಿಲ್ಲ.

ನಮ್ಮ ಮಾವನ ಮನೆಯವರು ಕುರಿ ಕಾಯುವವರು. ವನದುರ್ಗದ ಕಡೆಯ ಗುಡ್ಡದ ಕೆಳಗೆ ಹಟ್ಟಿ, ಒಂದಿಷ್ಟು ಮಳೆಯಾಧಾರದ ಹೊಲ. ಮಳೆಗಾಲವೆಲ್ಲ ಕುರಿ ಗುಡ್ಡದ ಮೇಲೆ ಮೇಯುತ್ತಿದ್ದವು. ಜೋಳ ಎದೆಯುದ್ದ ಬೆಳೆಯುವ ಹೊತ್ತಿಗೆ ಕುರಿಗಳಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ, ಆಗ ಮನೆಯೇ ಎದ್ದು ಹೊರಡುತ್ತಿತ್ತು. ಹಿಂದೆ ಹೊಳೆದಂಡೆಗೆ ಹೋಗುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಸುರಪುರದಾಚೆ ಬೋನಾಳದ ಕಡೆ ಭತ್ತ ಬೆಳೆಯತೊಡಗಿತು. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ಕೂಡಿಸಿದರೆ ಗೊಬ್ಬರ ಅಲ್ಲೇ ಬೀಳುತ್ತದೆ. ಅದಕ್ಕೆ ಅಲ್ಲಿನ ರೈತರು ಬರ್ರಿ ಬರ್ರಿ ಎಂದು ಕರೆದು ಕಾಳು ಕೊಟ್ಟು ಕಳಿಸುತ್ತಿದ್ದರು.

ಹೊರಡುವಾಗ ಇಡೀ ಸಂಸಾರ ಕುದುರೆಯ ಮೇಲೆ ಏರುತ್ತಿತ್ತು. ಗೋಣಿ ತುಂಬಿದ ತಡಿ, ಅದರ ಮೇಲೆ ಕಂಬಳಿ, ಹಿಟ್ಟಿನ ಚೀಲ, ಬೋಗಾಣಿ, ರಾತ್ರಿ ಕುರಿಯ ಸುತ್ತ ಕಟ್ಟುವ ಬಲೆ, ಅದರ ಗೂಟಗಳು, ತುದಿಯಲ್ಲಿ ಕಾಲು ಕಟ್ಟಿದ ಕೋಳಿಗಳು. ಎರಡೂ ಮಗ್ಗುಲಿಗೆ ನೂಲಿನ ಜಾಳಿಗೆ, ಅದರಲ್ಲಿ ದಾರಿಯಲ್ಲಿ ಹುಟ್ಟಿದ ಕುರಿಮರಿಗಳು. ಮನುಷ್ಯರು ಮಾತ್ರ ನಡೆಯಬೇಕು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ಆ ಮನೆಯಲ್ಲಿ ಆಡುವಂತಿರಲಿಲ್ಲ. ಮರಿಗಳು, ಹಸಿ ಬಾಣಂತಿ, ಏಳಲಾಗದ ರೋಗಿ, ಇವರಿಗಷ್ಟೇ ಸವಾರಿ. ಗಟ್ಟಿಮುಟ್ಟಾದವರು ಹತ್ತಿದರೆ ಎದುರಿಗೆ ಬಂದವರು ನಿಂತು, ಏನಾಗಿದೆ ಪಾಪ ಎಂದು ಕೇಳುತ್ತಿದ್ದರು. ಒಂದು ಸಲ ಯಾರೂ ಇಲ್ಲದಾಗ ನಾನು ಹತ್ತಿ ಕೂತೆ. ತಟ್ಟು ನಾಲ್ಕು ಹೆಜ್ಜೆ ಇಟ್ಟು, ಹೇರು ತಪ್ಪಾಗಿದೆ ಎಂಬಂತೆ ನಿಂತು, ನನ್ನನ್ನು ಜಾಲಿಯ ಕಂಟಿಗೆ ಒರೆಸಿ ಇಳಿಸಿತು. ಎಲ್ಲೆಲ್ಲಿ ಮುಳ್ಳು ಹೋಗಿದ್ದವು ಎಂದು ಗಂಡನಿಗೂ ಹೇಳಿಲ್ಲ.

ಗಂಡಸರು ಕುರಿ ಹೊಡೆದುಕೊಂಡು ಬದು, ಬೀಳು ಸುತ್ತಿ ಬರುತ್ತಿದ್ದರು. ಹೆಂಗಸರು ಕುದುರೆಯೊಂದಿಗೆ ನೆಟ್ಟನೆ ದಾರಿ ಹಿಡಿದು ಮುಂದೆ ಹೋಗಿ, ಹೇರು ಇಳಿಸಿ, ಒಲೆ ಹೂಡಿ, ರೊಟ್ಟಿ ಬಡಿದಿಟ್ಟಿರಬೇಕು. ಕುದುರೆಯ ಹಗ್ಗ ಯಾರ ಕೈಯಲ್ಲಿ ಇರುತ್ತದೋ ಅವಳೇ ಆ ಸಂಸಾರದ ಯಜಮಾನಿ. ಅವಳು ನಿಂತ ಜಾಗದಲ್ಲೇ ಒಲೆ, ಅವಳು ಹೇಳಿದ ಕಡೆಗೇ ಬಲೆ. ಮಾವ ಕೂಡ ಇಲ್ಲಿ ಬೇಡ, ಅಲ್ಲಿ ಎನ್ನುವಂತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು. ವಯಸ್ಸಾಗಿ ಹಗ್ಗ ಬಿಟ್ಟವಳು ಮತ್ತೆ ಕುರಿಯ ಹಿಂದೆ ಬರುವುದಿಲ್ಲ, ಹಟ್ಟಿಯಲ್ಲಿ ಉಳಿದು ಕೋಳಿ, ಎಮ್ಮೆ ನೋಡಿಕೊಂಡಿರಬೇಕು. ಅತ್ತೆ ಹಟ್ಟಿಯಲ್ಲಿ ಕೂತ ತನ್ನ ಓರಗೆಯ ಹೆಂಗಸರ ಬಗ್ಗೆ ಮಾತಾಡುವಾಗ, ಸತ್ತವರ ಬಗ್ಗೆ ಮಾತಾಡುವ ದನಿ ಬರುತ್ತಿತ್ತು.

ಹಗ್ಗ ಆಕೆಯದು, ಮಿಕ್ಕಿದ್ದೆಲ್ಲ ನನ್ನದು. ಲದ್ದಿ ಬಳಿಯುವುದು, ಬದುವಿನ ಹುಲ್ಲು ಕೊಯ್ದು ತರುವುದು, ಬಾಲದಲ್ಲಿ ಸಿಕ್ಕಿದ ಮುಳ್ಳುಕಾಯಿ ಬಿಡಿಸುವುದು, ಗೊರಸಿನಲ್ಲಿ ಸಿಕ್ಕ ಹರಳು ಕೀಳುವುದು, ಮೈಗೆ ಕಚ್ಚಿದ ಉಣ್ಣೆಹುಳ ಹೆಕ್ಕುವುದು. ಹಿಂಗಾಲು ಎತ್ತಲು ಹೋದರೆ ತನ್ನ ಭಾರವನ್ನೆಲ್ಲ ನನ್ನ ಹೆಗಲಿಗೆ ಬಿಟ್ಟು ಅದು ತೂಕಡಿಸುತ್ತಿತ್ತು. ಹಸಿಹುಲ್ಲು ಕಟ್ಟಿದ ದಿನವೂ ಅದಕ್ಕೆ ರೊಟ್ಟಿಯ ಬುಟ್ಟಿಯ ಮೇಲೇ ಕಣ್ಣು. ಆದರೂ ಸಂಜೆ ಹೇರು ಇಳಿಸಿ, ಬೆವರಿದ ಬೆನ್ನನ್ನು ಹುಲ್ಲಿನ ಸಿಂಬೆಯಿಂದ ತಿಕ್ಕುವಾಗ ಅದು ಕೆಳದುಟಿ ಜೋಲು ಬಿಟ್ಟು ನಿಲ್ಲುತ್ತಿತ್ತಲ್ಲ, ಆಗ ನನಗೂ ಸುಖವೆನಿಸುತ್ತಿತ್ತು. ಜಾಳಿಗೆಯ ಮರಿ ಅತ್ತರೆ ನಡೆಯುತ್ತಲೇ ಕತ್ತು ತಿರುಗಿಸಿ ಮೂಸಿ ನೋಡುತ್ತಿತ್ತು. ಅಷ್ಟು ಕಾಳಜಿ ನನ್ನ ಮೇಲೆ ಎಂದೂ ತೋರಿಸಲಿಲ್ಲ, ಅದಿರಲಿ.

ಮೊದಲ ವರ್ಷದ ಒಂದು ಅನಾಹುತ ನೆನೆದರೆ ಈಗಲೂ ನಗು ಬರುತ್ತದೆ. ಸುರಪುರ ದಾಟಿದ ಮೇಲೆ ಒಂದು ಮರಿಗಾಲುವೆ ಅಡ್ಡ ಬಂತು, ನೀರು ಮೊಣಕಾಲುದ್ದ. ನಡುನೀರಿನಲ್ಲಿ ಕುದುರೆ ನಿಂತು ಮುಂಗಾಲಿನಿಂದ ನೀರು ಬಡಿಯತೊಡಗಿತು. ಆಟ ಆಡುತ್ತಿದೆ ಎಂದು ನಾನು ನೋಡುತ್ತ ನಿಂತೆ. ಆ ಸದ್ದು ಕೇಳಿದ್ದೇ ತಡ, ಅತ್ತೆ ಮುಂದಿನಿಂದ ಹೊಡಿ ಹೊಡಿ ಎಂದು ಕೂಗಿಕೊಂಡಳು. ನಾನು ಕೋಲು ಎತ್ತುವಷ್ಟರಲ್ಲಿ ಅದು ಇಡೀ ಸಂಸಾರದೊಂದಿಗೆ ನೀರಲ್ಲಿ ಮಲಗಿತು. ಕೋಳಿಗಳ ಬೊಬ್ಬೆ ಬೋನಾಳಕ್ಕೆ ಕೇಳಿರಬೇಕು. ಕುದುರೆ ಮಾತ್ರ ಕಣ್ಣು ಅರೆಮುಚ್ಚಿ ತಂಪು ಅನುಭವಿಸುತ್ತಿತ್ತು. ಎಬ್ಬಿಸಿ ದಂಡೆಗೆ ತಂದು ನೋಡಿದರೆ ಜೋಳದ ಹಿಟ್ಟಿನ ಚೀಲ ಒಂದೇ ಮುದ್ದೆಯಾಗಿತ್ತು. ಅತ್ತೆ ಅದರ ಮೇಲೆ ಕೈಯಾಡಿಸಿ, ನಾದುವ ಕೆಲಸ ಕುದುರೆಯೇ ಮಾಡಿದೆ, ಇನ್ನು ನೀನು ಬಡಿ ಎಂದಳು. ಅವತ್ತು ಬಡಿದ ರೊಟ್ಟಿಯನ್ನು ಅಕ್ಕಪಕ್ಕ ಇಳಿದಿದ್ದ ಕುರಿಯವರಿಗೂ ಹಂಚಿ, ಉಳಿದದ್ದನ್ನು ಒಣಗಿಸಿ ಎಷ್ಟೋ ದಿನ ಕಡಿದೆವು.

ಅತ್ತೆಯ ಬಾಯಿಗೆ ಬಿದ್ದವರು ಉಳಿಯುತ್ತಿರಲಿಲ್ಲ. ನಾನೂ ಬಾಯಿ ಇದ್ದವಳೇ. ಆಕೆ ಮುಂದೆ ಹಗ್ಗ ಹಿಡಿದು, ನಾನು ಹಿಂದೆ ಕೋಲು ಹಿಡಿದು, ನಡುವೆ ಕುದುರೆ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದೆವು. ಅದು ಕಿವಿಯನ್ನು ಒಮ್ಮೆ ಆಚೆ ಒಮ್ಮೆ ಈಚೆ ತಿರುಗಿಸುತ್ತ ನಡೆಯುತ್ತಿತ್ತು. ಮುಚ್ಚುಮರೆ ಯಾಕೆ, ಆ ಹಗ್ಗದ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಯಾವ ಹಳ್ಳ ದಾಟಿ ಬರಬೇಕೋ ಎಂದುಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಅತ್ತೆಯ ಕೆಲವು ರೀತಿಗಳು ನನಗೆ ವಿಚಿತ್ರವೆನಿಸಿದವು. ಜೋಳದಲ್ಲಿ ಹರಳು ಆರಿಸುವ ಕೆಲಸವನ್ನು ನಾನು ಬಂದಾಗಿನಿಂದ ಆಕೆ ಮುಟ್ಟಿರಲಿಲ್ಲ. ಗಂಟು ಬಿಗಿಯಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡುವಳು. ನಡೆಯುವಾಗ ಹಗ್ಗ ಸಡಿಲು ಬಿಟ್ಟು, ಕುದುರೆಯ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡೇ ಇರುವಳು. ವಯಸ್ಸಾದ ಮೇಲೆ ಗತ್ತು ಹೆಚ್ಚಿದೆ ಎಂದು ನಾನು ಅರ್ಥ ಮಾಡಿಕೊಂಡೆ.

ಆ ವರ್ಷ ಬೋನಾಳದ ದಾರಿಯಲ್ಲಿ ಪ್ರತಿ ಸಲ ಇಳಿಯುವ ಒಂದು ಬೀಳಿಗೆ ಸಂಜೆ ಬಿಸಿಲಿರುವಾಗಲೇ ಬಂದೆವು. ಬನ್ನಿಗಿಡದ ಪಕ್ಕದ ಎತ್ತರದ ನೆಲ, ಹಿಂದಿನವರ ಕಾಲದಿಂದಲೂ ನಮ್ಮ ಒಲೆ ಅಲ್ಲೇ. ನಾನು ಹುಲ್ಲಿನ ಹೊರೆಗೆಂದು ಹಿಂದೆ ಉಳಿದಿದ್ದೆ. ದೂರದಿಂದ ನೋಡಿದರೆ ಕುದುರೆ ಬದುವಿನ ಮೇಲೆ ನಿಂತುಬಿಟ್ಟಿತ್ತು, ಅತ್ತೆ ಎಳೆಯುತ್ತಿದ್ದಳು. ಅದು ಒಲ್ಲೆ ಎಂದು ಕತ್ತು ಎತ್ತಿತು. ಆಕೆ ಬೈದು, ಹಗ್ಗ ಮುಂಗೈಗೆ ಸುತ್ತಿ, ಜಗ್ಗಿ ಇಳಿಸಿದಳು. ಇಳಿದದ್ದು ಕೆಸರಿಗೆ. ಕಳೆದ ವರ್ಷದ ಬೀಳಿಗೆ ಹೊಲಗಾಲುವೆ ತೋಡಿ ನೀರು ತಂದಿದ್ದರು. ನೆಲ ಸಮ ಮಾಡಿ, ಭತ್ತದ ಸಸಿಮಡಿ ಹಾಕಿದ್ದರು. ಬೆರಳುದ್ದದ ಹಸಿರು ಸಸಿ ಹಾಸಿದಂತಿತ್ತು. ಕುದುರೆ ಹೊಟ್ಟೆಯವರೆಗೆ ಹೂತು, ಹೇರು ಒಂದು ಕಡೆ ವಾಲಿ, ಮರಿಗಳು ಒದರತೊಡಗಿದವು. ಅತ್ತೆ ಮೊಣಕಾಲುದ್ದ ಕೆಸರಿನಲ್ಲಿ ಹಗ್ಗ ಹಿಡಿದು ನಿಂತಿದ್ದಳು.

ನಾನು ಹೊರೆ ಬಿಸಾಡಿ ಓಡಿದೆ, ಹೊಲದವನೂ ಓಡಿ ಬಂದ. ಯಾರಿಗಾದರೂ ಸಿಟ್ಟು ಬರುವಂಥದ್ದೇ.

"ಕಣ್ಣು ಕಾಣಂಗಿಲ್ಲೇನಬೇ ನಿನಗ? ಇಷ್ಟು ಹಸರು ಸಸಿ ಅದಾವ."

ಯಾರಾದರೂ ಯಾರಿಗಾದರೂ ದಿನಕ್ಕೊಮ್ಮೆ ಅನ್ನುವ ಮಾತು ಅದು. ಬೇರೆ ದಿನವಾಗಿದ್ದರೆ ಅತ್ತೆ ಆತನ ಮೂರು ತಲೆಮಾರಿನ ಜನ್ಮ ಜಾಲಾಡುತ್ತಿದ್ದಳು. ಅವತ್ತು ಬರೀ ಆತನ ದನಿ ಬಂದ ಕಡೆಗೆ ಮುಖ ಮಾಡಿದಳು, ಆದರೆ ನೋಟ ಆತನ ಹೆಗಲ ಪಕ್ಕದಿಂದ ಹಾದು ಹೋಯಿತು. ಈಕೆಗೆ ನಿಜವಾಗಿಯೂ ಕಾಣುತ್ತಿಲ್ಲ. ಇಷ್ಟು ದಿನ ಈಕೆ ಕುದುರೆಯನ್ನು ಕರೆತರುತ್ತಿರಲಿಲ್ಲ, ಅದೇ ಈಕೆಯನ್ನು ಕರೆತರುತ್ತಿತ್ತು. ಹಳೆಯ ದಾರಿ, ಹಳೆಯ ಇಳಿದಾಣ ಅದಕ್ಕೆ ಬಾಯಿಪಾಠ. ಅದು ಮೊದಲ ಸಲ ಬೇಡ ಎಂದಾಗ ಈಕೆ ನಂಬಲಿಲ್ಲ, ಅಷ್ಟೇ.

ಹೇರು ಬಿಚ್ಚಿ, ಹೊಟ್ಟೆಯ ಕೆಳಗೆ ಕಂಬಳಿ ತೂರಿಸಿ, ಅಷ್ಟರಲ್ಲಿ ಕುರಿಯೊಂದಿಗೆ ಬಂದ ಮಾವ, ಗಂಡ, ಆ ಹೊಲದವನೂ ಸೇರಿ ಕುದುರೆಯನ್ನು ಮೇಲೆತ್ತಿದರು. ಕೆಡಿಸಿದ ಸಸಿಗೆ ಬದಲಾಗಿ ಆತನ ಮತ್ತೊಂದು ಹೊಲದಲ್ಲಿ ಕಾಳು ಪಡೆಯದೆ ಕುರಿ ಕೂಡಿಸುವುದೆಂದು ಮಾತಾಯಿತು. ಮೈಯೆಲ್ಲ ಕೆಸರಾಗಿದ್ದ ನನ್ನ ಗಂಡ, ಈ ಕುದುರೆಗೆ ಸೊಕ್ಕು ಬಂದಿದೆ, ಇದನ್ನು ಮಾರಿಬಿಡೋಣ ಎಂದ. ಕುದುರೆಯದೇನೂ ತಪ್ಪಿಲ್ಲ, ಎಳೆದದ್ದು ನಾನು ಎಂದಳು ಅತ್ತೆ. ಯಾಕೆ ಎಳೆದೆ ಎಂದು ಗಂಡಸರು ಕೇಳಲಿಲ್ಲ. ಅವರು ಏನನ್ನೂ ಕೇಳುವವರಲ್ಲ.

ನಾನು ಹೇಳಿಬಿಡಬಹುದಿತ್ತು. ಹೇಳಿದ್ದರೆ ಮರುದಿನವೇ ಹಗ್ಗ ನನ್ನ ಕೈಗೆ ಬರುತ್ತಿತ್ತು, ಆಕೆ ಬಸ್ಸು ಹತ್ತಿ ಹಟ್ಟಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಆಕೆ ಕುದುರೆಯ ಕಾಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಆ ಕೆಲಸ ನನ್ನದು. ಒಂದೊಂದೇ ಕಾಲು ಸವರಿ, ಎಲ್ಲಿಯಾದರೂ ಬಾತಿದೆಯೇ ಎಂದು ಒತ್ತಿ ನೋಡುತ್ತ, ಏನೋ ಹೇಳಿಕೊಳ್ಳುತ್ತಿದ್ದಳು. ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಅದಕ್ಕೆ ಮೊದಲು ಇದ್ದದ್ದು ಅಂಜಿಕೆ.

ಅಂದಿನಿಂದ ನಾನು ಹಿಂದೆ ನಡೆಯುವುದನ್ನು ಬಿಟ್ಟು ಕುದುರೆಯ ಇನ್ನೊಂದು ಮಗ್ಗುಲಿಗೆ ನಡೆಯತೊಡಗಿದೆ. ದಾರಿಯುದ್ದಕ್ಕೂ ಕುದುರೆಗೆ ಬೈಗುಳ. ಏ ಖೋಡಿ, ಮುಂದೆ ಗುಂಡಿ ಇದೆ, ಎಡಕ್ಕೆ ಸರಿ. ಟ್ರ್ಯಾಕ್ಟರ್ ಬರುತ್ತಿದೆ, ನಿಲ್ಲು. ಇಲ್ಲಿ ನೀರು ಬಿಟ್ಟಿದ್ದಾರೆ, ಬದು ಹಿಡಿ. ಗಂಡ ದಾರಿಯಲ್ಲಿ ಎದುರಾದಾಗ, ಇವಳಿಗೆ ಹುಚ್ಚು ಹಿಡಿದಿದೆ ಎಂದು ನಕ್ಕ. ಅತ್ತೆ ನಗಲಿಲ್ಲ. ಕುದುರೆ ಸರಿಯುವ ಮೊದಲೇ ಆಕೆ ಎಡಕ್ಕೆ ಸರಿದಿರುತ್ತಿದ್ದಳು. ನಮ್ಮಿಬ್ಬರ ನಡುವೆ ಆ ಬಗ್ಗೆ ಒಂದು ಮಾತೂ ಆಗಲಿಲ್ಲ. ಒಂದು ದಿನ ನಾನು ನೆಗಡಿಯಿಂದ ಸುಮ್ಮನಿದ್ದೆ. ಸ್ವಲ್ಪ ದೂರ ನಡೆದ ಮೇಲೆ ಆಕೆಯೇ, ಇವತ್ತು ಕುದುರೆಗೆ ಬೈಯುವವರು ಯಾರೂ ಇಲ್ಲವೇ ಎಂದಳು.

ಮರುವರ್ಷದ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಹೊರಡುವ ಕಾಲ ಬಂದಾಗ ಮಗಳ ಜಾಗ ಗೊತ್ತಾಗಿಯೇ ಇತ್ತು: ಒಂದು ಮಗ್ಗುಲ ಜಾಳಿಗೆಯಲ್ಲಿ ಕೂಸು, ತೂಕ ಸಮವಾಗಲು ಇನ್ನೊಂದು ಮಗ್ಗುಲಲ್ಲಿ ಎರಡು ಮರಿ. ನನ್ನ ಗಂಡನೂ ಹಾಗೇ ಬೆಳೆದವನು. ಆದರೆ ಆ ವರ್ಷ ಕಾಲುವೆ ತುಂಬಿ ಹರಿಯುತ್ತಿದೆ ಎಂಬ ಸುದ್ದಿ ಇತ್ತು. ನಮ್ಮ ದಾರಿಯೋ, ಬಹಳ ದೂರದವರೆಗೆ ಕಾಲುವೆಯ ದಂಡೆಯ ಮೇಲೆಯೇ. ದಂಡೆಯ ಅಂಚು ಎಷ್ಟೋ ಕಡೆ ಕುಸಿದಿತ್ತು. ನಾನು ಮಾತಾಡುತ್ತಲೇ ನಡೆಯಬಹುದು, ಸರಿ. ನನ್ನ ಮಾತಿಗೂ ಅತ್ತೆಯ ಹೆಜ್ಜೆಗೂ ನಡುವೆ ಒಂದು ಗಳಿಗೆ ತಡವಾದರೆ? ಹೇಳಿದರೆ ಆಕೆಯ ಬದುಕು ಮುಗಿಯಿತು. ಹೇಳದಿದ್ದರೆ ಜಾಳಿಗೆಯಲ್ಲಿರುವುದು ನನ್ನ ಕೂಸು. ಎಷ್ಟೋ ದಿನ ನನಗೆ ಅನ್ನ ರುಚಿಸಲಿಲ್ಲ.

ಹೊರಡುವ ಬೆಳಿಗ್ಗೆ ಎಲ್ಲ ಹೇರಾಯಿತು. ಮಾವ, ಗಂಡ ಕುರಿ ಎಬ್ಬಿಸಿ ನಿಂತಿದ್ದರು. ಅತ್ತೆ ಹಗ್ಗ ಹಿಡಿದು ಮುಂದೆ ನಿಂತಿದ್ದಳು. ನಾನು ಕೂಸನ್ನು ಎತ್ತಿಕೊಂಡು ಜಾಳಿಗೆಯ ಹತ್ತಿರ ಬಂದೆ. ಅದರ ಬಾಯಿ ತೆರೆದು ಹಿಡಿದೆ, ಕೂಸನ್ನು ಇಳಿಸಲಾಗಲಿಲ್ಲ. ಜಾಳಿಗೆಯ ಗಂಟು ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. ಗಂಡ ಬಿಸಿಲೇರುತ್ತಿದೆ ಎಂದು ಗದರಿದ. ಅತ್ತೆ ಕುದುರೆಯ ಕತ್ತಿನ ಮೇಲೆ ಕೈಯಿಟ್ಟುಕೊಂಡು ನನ್ನ ಬಳೆಯ ಸದ್ದು ಕೇಳುತ್ತಿದ್ದಳು. ಆಮೇಲೆ ಕುದುರೆಯ ಮೈ ಹಿಡಿದುಕೊಂಡೇ ನನ್ನ ಹತ್ತಿರ ಬಂದು, ಹಗ್ಗವನ್ನು ನನ್ನ ಕೈಯಲ್ಲಿಟ್ಟಳು.

"ಹಿಡಿ. ನನಗ ಕಣ್ಣು ಕಾಣವಲ್ದು. ಭಾಳ ದಿನಾತು. ಕೂಸಿನ್ನ ಕಾಲಿವಿ ದಂಡಿಮ್ಯಾಲ ನಾ ಒಯ್ಯಂಗಿಲ್ಲ."

ಮೆಲ್ಲಗೆ ಹೇಳಲಿಲ್ಲ. ಮಾವನಿಗೆ, ಮಗನಿಗೆ, ಹಟ್ಟಿಯ ಬಾಗಿಲಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು. ಮಾವ ತಲೆಯ ಮೇಲಿನ ಕಂಬಳಿ ಕೆಳಗಿಳಿಸಿದ. ನೀವೂ ಬರ್ರಿ, ಈ ಮಗ್ಗುಲಿಗೆ ನಡೀರಿ, ದಾರಿ ನಾನು ಹೇಳುತ್ತೇನೆ ಎಂದು ನಾನು ಅಳುತ್ತ ಬೇಡಿಕೊಂಡೆ. ಹಗ್ಗ ಬಿಟ್ಟವಳು ಹಿಂದೆ ಬಿದ್ದು ಬರುವುದಿಲ್ಲ ಎಂದಳು. ಕೂಸಿನ ತಲೆ ಸವರಿ, ಗೋಡೆ ಹಿಡಿದು ಒಳಗೆ ಹೋದಳು. ಅಂದು ಹಗ್ಗ ಸಿಕ್ಕ ಸಂತೋಷ ನನಗೆ ಸಾಸಿವೆಯಷ್ಟೂ ಆಗಲಿಲ್ಲ.

ಕುದುರೆ ನನ್ನೊಂದಿಗೆ ನಡೆಯಿತು, ಆದರೆ ಗುಡ್ಡದ ತಿರುವಿನವರೆಗೂ ಹಿಂತಿರುಗಿ ನೋಡಿತು. ಮೊದಲ ಸಂಜೆ ನಾನು ಗತ್ತಿನಿಂದ ಜಾಗ ಆರಿಸಿ ಒಲೆ ಹೂಡಿದ್ದು ಕೆಂಜಿಗದ ಗೂಡಿನ ಮೇಲೆ. ಬಲೆ ಹಾಕಿ, ಕುರಿ ಕೂಡಿಸಿ, ಎಲ್ಲರೂ ಕಡಿಸಿಕೊಂಡು, ಮತ್ತೆ ಎಲ್ಲವನ್ನೂ ಎತ್ತಿ ಕುದುರೆ ನಿಂತಿದ್ದ ಕಡೆಗೆ ಹೋದೆವು. ಮಾವ ಕಾಲು ತುರಿಸಿಕೊಳ್ಳುತ್ತ ಹಿಂದೆ ಬಂದ. ಕಾಲುವೆ ನಿಜಕ್ಕೂ ದಂಡೆಯ ಸಮ ಹರಿಯುತ್ತಿತ್ತು. ಕುಸಿದ ಜಾಗ ಬಂದಲ್ಲೆಲ್ಲ ಕುದುರೆ ತಾನೇ ಒಳಗೆ ಸರಿದು, ಕೂಸಿದ್ದ ಮಗ್ಗುಲನ್ನು ಅಂಚಿನಿಂದ ದೂರ ಇಟ್ಟುಕೊಂಡು ನಡೆಯುತ್ತಿತ್ತು. ಮಗಳು ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಸುರಪುರದಿಂದ ನನ್ನ ತಮ್ಮನಿಗೆ ಹೇಳಿ ಕಳಿಸಿದೆ. ಆತ ಶಿರವಾಳದಿಂದ ಹೋಗಿ ಅತ್ತೆಯನ್ನು ಶಹಾಪುರದ ದವಾಖಾನೆಗೆ ಕರೆದೊಯ್ದ. ಕಣ್ಣಲ್ಲಿ ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರಂತೆ. ಇಷ್ಟೇ ಆಗಿದ್ದರೆ ಮೊದಲೇ ಯಾಕೆ ತೋರಿಸಲಿಲ್ಲ ಎಂದು ನನಗೆ ರೇಗಿತು. ಆಮೇಲೆ ಹೊಳೆಯಿತು. ತೋರಿಸಬೇಕಾದರೆ ಮೊದಲು ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಲ್ಲ.

ಬಿಸಿಲು ಏರತೊಡಗಿದ ತಿಂಗಳಲ್ಲಿ ಅತ್ತೆ ಬರುತ್ತಾಳೆಂದು ಸುದ್ದಿ ಬಂತು. ಹಗ್ಗ ಬಿಟ್ಟವಳು ಬರುವುದಿಲ್ಲ ಎಂದದ್ದನ್ನು ಯಾರೂ ನೆನಪಿಸಲಿಲ್ಲ. ಬೋನಾಳದ ರಸ್ತೆಗೆ ಬಸ್ಸು ಬರುವ ಹೊತ್ತಿಗೆ ನಾನು ಮಗಳನ್ನು ಕಂಕುಳಲ್ಲಿಟ್ಟುಕೊಂಡು, ಕುದುರೆ ಹಿಡಿದು ನಿಂತಿದ್ದೆ. ಅತ್ತೆ ಇಳಿದಳು. ಮೂಗಿನ ಮೇಲೆ ಗಾಜಿನ ಗೋಲಿಯಷ್ಟು ದಪ್ಪದ ಚಷ್ಮಾ, ಅದರ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆಕೆ ಯಾರನ್ನೂ ಮಾತಾಡಿಸದೆ ಮೊದಲು ಕುದುರೆಯನ್ನು ಒಂದು ಸುತ್ತು ಬಂದಳು. ಅದರ ಮುಖದ ಮೇಲೆ ಬಂದಿದ್ದ ಬಿಳಿಗೂದಲನ್ನು ಬೆರಳಿನಿಂದ ಮುಟ್ಟಿ, ಮುದುಕಿ ಆಗಿಬಿಟ್ಟಿದ್ದೀಯಲ್ಲ ಎಂದು ಅದಕ್ಕೇ ಹೇಳಿದಳು. ಮೊಮ್ಮಗಳ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು, ಕೇಳಲೂ ಇಲ್ಲ, ನಾನು ಹಿಡಿದುಕೊಳ್ಳಲೂ ಇಲ್ಲ.

ಹೊರಡಲು ತಿರುಗಿದವಳು ನಿಂತಳು. ಚಷ್ಮಾ ಮೇಲೆ ಸರಿಸಿಕೊಂಡು, ನನ್ನ ಮುಖಕ್ಕೆ ಮುಖ ತಂದು, ಬಹಳ ಹೊತ್ತು ನೋಡಿದಳು.

"ಹಿಂಗ ಅದಿ ಏನ್ ನೀ? ದನಿ ಕೇಳಿ ನಾ ಧಡೂತಿ ಹೆಂಗಸು ಅನ್ಕೊಂಡಿದ್ದೆ."

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ಮೂರನೆಯ ವರ್ಷ ನಡೆಯುತ್ತಿತ್ತು.